ನನ್ನ ಹೆಸರಿನ ಹೊಲಿಗೆ ಮಷಿನ್

೧೯೮೪ನೇ ಇಸವಿ, ಶ್ರಾವಣದ ರೊಟ್ಟಿ ಹಬ್ಬದ ದಿನ, ಎಂದರೆ ನಾಗರಪಂಚಮಿಗೆ ಎರಡು ದಿನ ಮೊದಲು, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಹುನಗುಂದದ ಬಸ್ ನಿಲ್ದಾಣದ ಎದುರಿಗೆ ಒಂದು ಸಹಕಾರಿ ಸಂಘದ ಕಚೇರಿ ಇತ್ತು. ಅಲ್ಲಿ ಕಾರ್ಯದರ್ಶಿಯವರ ಮೇಜಿನ ಎಡಬದಿಗೆ, ಕಿಟಕಿಗೆ ಬೆನ್ನು ಮಾಡಿ ನಾನು ನಿಂತಿದ್ದೆ. ನನ್ನಿಂದ ಎರಡು ಹೆಜ್ಜೆ ಆಚೆ ನನ್ನ ಹೆಂಡತಿ ನಿಂತಿದ್ದಳು. ನಡುವೆ ಒಂದು ಖಾಲಿ ಕುರ್ಚಿ ಇತ್ತು. ಇಬ್ಬರೂ ಅದರ ಮೇಲೆ ಕೂರಲಿಲ್ಲ.

ಗಂಟೆಯ ಬಗ್ಗೆ ಅನುಮಾನ ಬೇಡ. ನಾನು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದೆ. ಯಾವ ಬಸ್ಸು ಯಾವಾಗ ಬಂತು, ಯಾವಾಗ ಬಿಟ್ಟಿತು ಎಂದು ಕಿಟಕಿಯ ಹಿಂದೆ ಕುಳಿತು ಬರೆಯುವುದೇ ನನ್ನ ಉದ್ಯೋಗ. ದಿನಾ ಬೆಳಿಗ್ಗೆ ರೇಡಿಯೋದ ವಾರ್ತೆ ಶುರುವಾಗುವಾಗ ನನ್ನ ಕೈಗಡಿಯಾರವನ್ನು ಅದಕ್ಕೆ ಸರಿಹೊಂದಿಸಿಕೊಳ್ಳುತ್ತಿದ್ದೆ.

ಕುರ್ಚಿ ಯಾಕೆ ಖಾಲಿ ಇತ್ತು ಎಂಬುದನ್ನು ಮೊದಲು ಹೇಳಬೇಕು. ಎಂಟು ದಿನದ ಹಿಂದೆ ನಮ್ಮ ಮನೆಗೆ ಆ ಸಂಘದಿಂದ ಒಂದು ನೋಟೀಸು ಬಂದಿತ್ತು. ಎಪ್ಪತ್ತಾರರಲ್ಲಿ ನನ್ನ ಹೆಂಡತಿ ಖುದ್ದಾಗಿ ಬಂದು, ಹೆಬ್ಬೆಟ್ಟು ಒತ್ತಿ, ಕಂತಿನ ಮೇಲೆ ಒಂದು ಹೊಲಿಗೆ ಮಷಿನ್ ಒಯ್ದಿದ್ದಾಳೆ. ಕೆಲವು ಕಂತು ಕಟ್ಟಿ ನಿಲ್ಲಿಸಿದ್ದಾಳೆ. ಬಾಕಿ ಮುನ್ನೂರ ಎಂಬತ್ತು ರೂಪಾಯಿ, ಬಡ್ಡಿ ಬೇರೆ. ಗಂಡನಾದ ನೀವು ಜವಾಬ್ದಾರರು ಎಂದಿತ್ತು. ನನ್ನ ಹೆಸರು, ನಮ್ಮಪ್ಪನ ಹೆಸರು, ಅಡ್ಡಹೆಸರು ಮೂರೂ ತಪ್ಪಿಲ್ಲದೆ ಇದ್ದವು. ಹೆಂಡತಿಯ ಹೆಸರೂ ಸರಿಯಿತ್ತು. ಅದು ನಮ್ಮ ಕಡೆ ಓಣಿಗೆ ನಾಲ್ಕು ಮಂದಿಗೆ ಇರುವ ಹೆಸರು. ಸಂಘಕ್ಕೆ ಹೊಸ ಕಾರ್ಯದರ್ಶಿ ಬಂದು ಹಳೆಯ ಕಾಗದದ ಗಂಟುಗಳನ್ನು ಬಿಚ್ಚಿಸುತ್ತಿದ್ದಾರೆಂದು ಆಮೇಲೆ ತಿಳಿಯಿತು.

ನಮ್ಮ ಮನೆಯಲ್ಲಿ ಹೊಲಿಗೆ ಮಷಿನ್ ಯಾವತ್ತೂ ಇರಲಿಲ್ಲ. ಆದರೆ ಬಾದಾಮಿಯಲ್ಲಿ ನನ್ನ ಹೆಂಡತಿಯ ತವರುಮನೆಯಲ್ಲಿ ಒಂದಿತ್ತು. ಇದನ್ನು ಮೊದಲು ನೆನಪಿಸಿದವಳು ನಮ್ಮವ್ವ.

"ಅಲ್ಲ ತಮ್ಮಾ, ಬಾದಾಮ್ಯಾಗ ಬೀಗರ ಪಡಸಾಲ್ಯಾಗ ಮಷಿನ್ ಐತೆಲ್ಲ, ಅದೇನ್ ಗಿಡದಾಗ ಬಿಟ್ಟಿತ್ತೇನು?" ಎಂದಳು. ಹೇಳಿದ್ದು ನನಗೆ, ಕೇಳಿಸಬೇಕಾಗಿದ್ದು ಅಡಿಗೆ ಮನೆಗೆ.

ಅಡಿಗೆ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. "ಅತ್ತಿ, ಅದು ನಮ್ಮ ತಮ್ಮ ತನ್ನ ದುಡ್ಡಿಲೆ ತಂದದ್ದು" ಎಂಬ ಮಾತು ಬಂತು. ಆಮೇಲೆ ಸಪ್ಪಳ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಆಗ ನಾನು "ಅವ್ವಾ, ಸುಮ್ಮನಿರು" ಎನ್ನಬೇಕಾಗಿತ್ತು. ಅನ್ನಲಿಲ್ಲ. ಮರುದಿನ ಸಂಜೆ ಹೆಂಡತಿಯ ಮುಂದೆ ನಿಂತು, "ಖರೆ ಹೇಳು, ನಾ ಸಿಟ್ಟಿಗೇಳೂದಿಲ್ಲ" ಎಂದೆ. ಈ ನಾಲ್ಕು ಮಾತನ್ನು ನಾನು ಆಡಿದ್ದು ನಿಜ. ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

ಆಕೆ ನನ್ನನ್ನೇ ನೋಡಿದಳು. "ಹಂಗಾರ ಕೇಳ್ರಿ. ಆ ಮಷಿನ್ ಎಲ್ಲೈತಿ ಅಂತ ಗೊತ್ತಾಗೂತನಕಾ ನಾ ಪಂಚಮಿಗೆ ತವರಿಗೆ ಹೋಗೂದಿಲ್ಲ. ಹೋದ್ರ, ಮಷಿನ್ ಎಣ್ಣಿ ಹಾಕಾಕ ಹೋದ್ಲು ಅಂತೀರಿ ನೀವು ತಾಯಿ ಮಗಾ ಕೂಡಿ."

ನಮ್ಮ ಕಡೆ ಪಂಚಮಿಗೆ ತವರಿಗೆ ಹೋಗದ ಹೆಣ್ಣುಮಗಳು ಎಂದರೆ ಅದು ಸಣ್ಣ ಮಾತಲ್ಲ. ಮದುವೆಯಾದ ಹನ್ನೊಂದು ವರ್ಷದಲ್ಲಿ ಆಕೆ ಒಂದು ಪಂಚಮಿಯನ್ನೂ ತಪ್ಪಿಸಿರಲಿಲ್ಲ. ಬಾದಾಮಿಯ ಆ ಮನೆಯ ಹಿತ್ತಲಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತಿದ್ದರು. ವರ್ಷವಿಡೀ ನಮ್ಮ ಮನೆಯಲ್ಲಿ ತಗ್ಗಿದ ದನಿಯಲ್ಲಿ ಮಾತಾಡುವ ಆಕೆ ಆ ಜೋಕಾಲಿ ಮೇಲೆ ನಿಂತು ಜೀಕುವಾಗ ಕೂಗುತ್ತಿದ್ದ ಕೂಗು ನಾಲ್ಕು ಮನೆ ಆಚೆಗೂ ಕೇಳುತ್ತಿತ್ತು. ಆಕೆಯ ತಮ್ಮ ನಮ್ಮ ಮಕ್ಕಳಿಬ್ಬರನ್ನು ಭಾನುವಾರವೇ ಬಾದಾಮಿಗೆ ಬಿಟ್ಟು, ಅಕ್ಕನನ್ನು ಕರೆದೊಯ್ಯಲು ಮಂಗಳವಾರ ಎರಡನೇ ಸಲ ಬಂದಿದ್ದ. ಕಚೇರಿಯ ಕಟ್ಟೆಯ ಮೇಲೆ ಕುಳಿತು ಕಿಟಕಿಯೊಳಗೆ ಇಣುಕುತ್ತಿದ್ದ. "ಮಾಮಾ, ಐದೂವರಿ ಬಸ್ಸು ತಪ್ಪಿದ್ರ ನಮ್ಮವ್ವ ನನ್ನ ಮನ್ಯಾಗ ಸೇರಸೂದಿಲ್ಲ" ಎಂದು ಅಷ್ಟು ಹೊತ್ತಿಗೆ ಎರಡು ಸಲ ಹೇಳಿದ್ದ.

ನಾನು ಅರ್ಜಿ ಬರೆದುಕೊಂಡು ಹೋಗಿದ್ದೆ. ಒಂದೂವರೆ ಪುಟ. 'ನನ್ನ ಹೆಸರನ್ನು ಯಾರೋ ಅಪರಿಚಿತರು ಕಳವು ಮಾಡಿ, ನನ್ನ ಹೆಂಡತಿಯಂತೆ ನಟಿಸಿ ಸಾಲ ಎತ್ತಿರುತ್ತಾರೆ' ಎಂದು ಬರೆದಿದ್ದೆ. ಕಾರ್ಯದರ್ಶಿಯವರು ಮೈಸೂರಿನ ಕಡೆಯವರು, ಒಳ್ಳೆಯ ಮನುಷ್ಯ, ಎರಡು ತಿಂಗಳ ಹಿಂದೆ ಬಂದವರು. ಪೂರಾ ಓದಿದರು.

"ನೋಡಿ, ಅರ್ಜಿ ಚೆನ್ನಾಗಿದೆ. ಆದರೆ ಪುರಾವೆ ಬೇಕಲ್ಲ."

"ನನ್ನ ಹೆಂಡತಿಗೆ ಸಹಿ ಮಾಡಲು ಬರುತ್ತದೆ. ಏಳನೇ ಇಯತ್ತೆ ಓದಿದ್ದಾಳೆ. ಹೆಬ್ಬೆಟ್ಟು ಯಾಕೆ ಒತ್ತುತ್ತಾಳೆ?" ಎಂದೆ.

ಅವರಿಗಿಂತ ಮೊದಲು ಬಾಗಿಲಲ್ಲಿ ನಿಂತಿದ್ದ ಸಿಪಾಯಿ ಉತ್ತರ ಕೊಟ್ಟ. "ಬರಿಯಾಕ ಬಂದೋರು ಹೆಬ್ಬಟ್ಟ ಒತ್ತಬಾರದಂತ ಕಾಯ್ದೆ ಐತೇನ್ರಿ ಕಂಟ್ರೋಲರ್ ಸಾಹೇಬ್ರ? ಬೆರಳಂತೂ ಎಲ್ಲಾರಿಗೂ ಐತಿ."

ಕಾರ್ಯದರ್ಶಿಯವರು ಎಪ್ಪತ್ತಾರರ ಸಾಲದ ಅರ್ಜಿಯನ್ನು ತೆಗೆಸಿದರು. ಹೆಬ್ಬೆಟ್ಟಿನ ಜಾಗದಲ್ಲಿ ಶಾಯಿ ಹೆಚ್ಚಾಗಿ ಒಂದು ಕರಿ ಬೊಟ್ಟು ಮಾತ್ರ ಉಳಿದಿತ್ತು. ಗೆರೆ ಒಂದೂ ಇರಲಿಲ್ಲ. ಅದರಿಂದ ಯಾರಿಗೂ ಉಪಯೋಗವಿರಲಿಲ್ಲ. ಅವರು ಕನ್ನಡಕ ಸರಿಮಾಡಿಕೊಂಡು ಹೇಳಿದರು: "ಆದರೆ ಇಲ್ಲಿ ಗಂಡನ ಹೆಸರು ಪೂರ್ತಿ ಬರೆದಿದೆ. ಬೇರೆ ಹೆಂಗಸಿಗೆ ನಿಮ್ಮ ತಂದೆ ಹೆಸರು, ಅಡ್ಡಹೆಸರು ಹೇಗೆ ಗೊತ್ತಿರುತ್ತೆ? ಏನಮ್ಮ, ನೀವೇ ಹೇಳಿರಬೇಕಲ್ಲ ಯಜಮಾನರ ಹೆಸರು?"

ಅಲ್ಲಿಯವರೆಗೆ ನೆಲ ನೋಡುತ್ತಿದ್ದ ನನ್ನ ಹೆಂಡತಿ ತಲೆ ಎತ್ತಿದಳು. "ಏನಂದ್ರಿ? ನಾ ಹೇಳೀನಿ? ಇವರ ಹೆಸರಾ?"

ಹೊರಗೆ ಕಟ್ಟೆಯ ಮೇಲೆ ಕಂತು ಕಟ್ಟಲು ಬಂದ ಐದಾರು ಹೆಂಗಸರು ಕುಳಿತಿದ್ದರು. ಅವರಲ್ಲಿ ಒಬ್ಬಳು ನಕ್ಕಳು. ಇನ್ನೊಬ್ಬಳು, "ಸಾಹೇಬ್ರ ಎಲ್ಲಿ ಊರಿಂದ ಬಂದಾರ್ಬೇ" ಎಂದಳು. ಆಮೇಲೆ ಎಲ್ಲರೂ ನಕ್ಕರು.

"ಸಾಹೇಬ್ರ," ನನ್ನ ಹೆಂಡತಿ ಹೇಳಿದಳು, "ಮದಿವಿ ದಿನ ಹೊಸ್ತಲದಾಗ ತಡದು ಒಡಪು ಹೇಳಂದಾಗ ಒಮ್ಮಿ ಹೇಳೀನಿ. ಅವತ್ತಿಂದ ಇವತ್ತಿನ ತನಕಾ ಇವರ ಹೆಸರ ನನ್ನ ಬಾಯಾಗ ಬಂದಿಲ್ಲ. ರೇಷನ್ ಕಾರ್ಡಿಗೂ ಬಾಜೂ ಮನಿಯಾಕೀನ ಕರ್ಕೊಂಡ್ ಹೋಗಿ ಆಕೀ ಕಡಿಂದ ಹೇಳಿಸೀನಿ. ನಾ ಮಷಿನ್ ಸಲುವಾಗಿ ಹೇಳ್ತೇನಿ?"

ಕಾರ್ಯದರ್ಶಿಯವರು ಪೆನ್ನು ಕೆಳಗಿಟ್ಟರು. ಒಡಪು ಎಂದರೇನು ಎಂದು ಸಿಪಾಯಿಯನ್ನು ಕೇಳಿದರು. ಗಂಡನ ಹೆಸರನ್ನು ಬಿಡಿಯಾಗಿ ಹೇಳಬಾರದು, ಪ್ರಾಸದ ಎರಡು ಸಾಲಿನೊಳಗೆ ಕಟ್ಟಿ ಹೇಳಬಹುದು, ಅದೂ ಮದುವೆ ಸೋಬಾನದಂಥ ಹೊತ್ತಿನಲ್ಲಿ ಎಂದು ಸಿಪಾಯಿ ವಿವರಿಸಿದ. "ನಮ್ಮ ಕಡೆ ಯಾವ ಹೆಣ್ಮಗಳೂ ಹೇಳೂದಿಲ್ರಿ. ಬಾಜೂದವ್ರು ಹೇಳಬೇಕು" ಎಂದ.

"ಹಾಗಾದ್ರೆ ಆ ಬೇರೆ ಹೆಂಗಸೂ ಹೇಳಿರಲ್ಲ" ಎಂದರು ಕಾರ್ಯದರ್ಶಿಯವರು, ನಿಧಾನವಾಗಿ. "ಮತ್ತೆ ಇದನ್ನು ಯಾರು ಹೇಳಿದ್ದು?"

ಆ ಪ್ರಶ್ನೆಯನ್ನು ಎಂಟು ದಿನದಲ್ಲಿ ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅವರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಂಚಿನಲ್ಲಿ ಹಳೆಯ ಗುಮಾಸ್ತನ ಸಣ್ಣ ಅಕ್ಷರದಲ್ಲಿ 'ಪತಿಯ ಹೆಸರು ಸಿಪಾಯಿ ಮುಖಾಂತರ' ಎಂದಿತ್ತು.

ಎಲ್ಲರೂ ಸಿಪಾಯಿಯನ್ನು ನೋಡಿದೆವು. ಎಪ್ಪತ್ತಾರರಲ್ಲೂ ಅವನೇ ಸಿಪಾಯಿ. ಅವನು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ.

"ಹೌದ್ರಿ. ಮಷಿನ್ ಹಂಚಿದ ದಿವಸ ಮುಂಜಾನಿ. ಒಬ್ಬಾಕಿ ಹೆಣ್ಮಗಳು ಬಂದಿದ್ಲು, ಜೊತಿಗೆ ಯಾರೂ ಇರಲಿಲ್ಲ. ಗಂಡನ ಹೆಸರ ಕೇಳಿದ್ರ ಸೆರಗ ಬಾಯಿಗೆ ಹಚ್ಕೊಂಡು, 'ಎದುರಿನ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಅದಾರ್ರಿ, ಅವರನ್ನ ಕೇಳ್ರಿ' ಅಂದ್ಲು. ಗುಮಾಸ್ತರು ನನಗ ಕೇಳ್ಕೊಂಡ್ ಬಾ ಅಂದ್ರು. ನಾ ರೊಟ್ಟಿ ತಿಂದು ಹೋದ್ನಿ. ಕಿಡಕ್ಯಾಗ ಕುಂತಿದ್ರು, ಕೇಳಿದೆ, ಹೇಳಿದ್ರು, ಚೀಟಿ ಮ್ಯಾಲ ಬರಸ್ಕೊಂಡ್ ಬಂದ್ನಿ."

"ಯಾರು ಕುಂತಿದ್ರು?" ಎಂದೆ ನಾನು.

ಅವನು ನನ್ನನ್ನು ನೋಡಿದ. ಕೈ ಎತ್ತಿ ತೋರಿಸುವುದಕ್ಕೂ ಅವನಿಗೆ ಸಂಕೋಚವಾಯಿತು. "ಯಾರಂದ್ರ... ನೀವಽ ಅಲ್ರಿ?"

ನನಗೆ ನೆನಪಿಲ್ಲ. ಆ ಕ್ಷಣದಲ್ಲಿ ಎಲ್ಲ ನೆನಪಾಯಿತು ಎಂದು ಬರೆದರೆ ಸುಳ್ಳಾಗುತ್ತದೆ; ಇವತ್ತಿಗೂ ನೆನಪಾಗಿಲ್ಲ. ಆದರೆ ಕಾರ್ಯದರ್ಶಿಯವರು ಕಾಗದವನ್ನು ನನ್ನ ಕಡೆ ತಿರುಗಿಸಿದರು. ನನ್ನ ಹೆಸರು, ನಮ್ಮಪ್ಪನ ಹೆಸರು, ಅಡ್ಡಹೆಸರು, ಮತ್ತು ಅದರ ಮುಂದೆ 'ಎರಡನೇ ಪಾಳಿ' ಎಂದು ಬರೆದಿತ್ತು. ನೋಟೀಸಿನಲ್ಲಿ ಈ ಕೊನೆಯ ಎರಡು ಪದ ಇರಲಿಲ್ಲ. ಯಾರು ಹೆಸರು ಕೇಳಿದರೂ ಹೆಸರಿನ ಹಿಂದೆಯೇ ನನ್ನ ಪಾಳಿಯನ್ನೂ ಹೇಳುವುದು ನನ್ನ ರೂಢಿ. ಬೀಗರೂಟದಲ್ಲೂ ಒಮ್ಮೆ ಹಾಗೆ ಹೇಳಿ ನಗೆಪಾಟಲಾಗಿದ್ದೇನೆ. ಲೋಕದಲ್ಲಿ ಬೇರೆ ಯಾರೂ ನನ್ನ ಹೆಸರನ್ನು ಹಾಗೆ ಹೇಳಿರಲು ಸಾಧ್ಯವಿಲ್ಲ.

ಎಪ್ಪತ್ತಾರರಲ್ಲಿ ಹುನಗುಂದಕ್ಕೆ ನಾವು ಇಬ್ಬರು ಕಂಟ್ರೋಲರ್. ಬೆಳಗಿನ ಪಾಳಿ ಇನ್ನೊಬ್ಬರದು. ಅವರು ಎರಡು ಗಂಟೆಗೆ ಎದ್ದು ಹೋದರೆ ನಾನು ಕೂರುತ್ತಿದ್ದೆ. ಆ ಹೆಂಗಸು ಬಂದದ್ದು ಬೆಳಿಗ್ಗೆ. ತನ್ನ ಗಂಡ ಕಿಟಕಿಯಲ್ಲಿ ಕುಳಿತಿರುವುದನ್ನು ನೋಡಿಯೇ ಆಕೆ ಹೇಳಿದ್ದಳು. ಸಿಪಾಯಿ ಮಧ್ಯಾಹ್ನದ ರೊಟ್ಟಿ ತಿನ್ನುವಷ್ಟರಲ್ಲಿ ಕಿಟಕಿಯಲ್ಲಿ ಗಂಡ ಬದಲಾಗಿದ್ದ. ಇಬ್ಬರ ಹೆಂಡಿರ ಹೆಸರೂ ಒಂದೇ ಆಗಿದ್ದರಿಂದ ಗುಮಾಸ್ತನಿಗೆ ಅನುಮಾನ ಬರಲು ಕಾರಣವೇ ಇರಲಿಲ್ಲ.

ನಾನು ಖಾಲಿ ಕುರ್ಚಿಯ ಮೇಲೆ ಕುಳಿತೆ.

ಕಾರ್ಯದರ್ಶಿಯವರು ನನ್ನ ಅರ್ಜಿಯನ್ನು ಮತ್ತೆ ಎತ್ತಿಕೊಂಡರು. "ಇಲ್ಲಿ ಹೆಸರು ಕಳವಾಗಿದೆ ಅಂತ ಬರೆದಿದ್ದೀರಿ..."

"ಯಾರೂ ಕದ್ದಿಲ್ರಿ ಸಾಹೇಬ್ರ" ಎಂದಳು ನನ್ನ ಹೆಂಡತಿ. "ಕಿಡಕ್ಯಾಗಿಂದ ಕೈಯಾರೆ ಇವರಽ ಕೊಟ್ಟಾರ. ಯಾಕಂತಾದರೂ ಕೇಳಬೇಕೋ ಬ್ಯಾಡೋ?"

ಹೇಳುವಾಗ ಗಂಭೀರವಾಗಿಯೇ ಇದ್ದಳು. ಮುಗಿಯುವಷ್ಟರಲ್ಲಿ ಸೆರಗು ಬಾಯಿಗೆ ಹೋಯಿತು. ಎಂಟು ದಿನದ ಮೇಲೆ ಆಕೆ ನಕ್ಕದ್ದು ಅದೇ ಮೊದಲು. ಕಟ್ಟೆಯ ಹೆಂಗಸರಿಗೆ ಅಷ್ಟು ಸಾಕಾಯಿತು. ಸಿಪಾಯಿಯೂ ನಕ್ಕ. ಕಾರ್ಯದರ್ಶಿಯವರು ಮೊದಲು ನನ್ನ ಮುಖ ನೋಡಿ ಆಮೇಲೆ ನಕ್ಕರು. ಕಡೆಗೆ ನಾನೂ ನಕ್ಕೆ.

ಆದರೂ ಮಷಿನ್ ಎಲ್ಲಿದೆ ಎಂಬುದು ಕಾಗದದ ಮೇಲೆ ಬರಬೇಕಾಗಿತ್ತು. ಆ ಇನ್ನೊಬ್ಬ ಕಂಟ್ರೋಲರ್ ಎಪ್ಪತ್ತೆಂಟರಲ್ಲೇ ಬಾಗಲಕೋಟೆಗೆ ವರ್ಗವಾಗಿ ಹೋಗಿದ್ದರು. ನಮ್ಮಲ್ಲಿ ಬೇಗ ಸುದ್ದಿ ಮುಟ್ಟಿಸಲು ಒಂದೇ ದಾರಿ, ಕಂಡಕ್ಟರ್ ಕೈಯಲ್ಲಿ ಚೀಟಿ. ಮಷಿನ್ ವಿಷಯ ಬರೆದು ಹನ್ನೊಂದು ಐವತ್ತರ ಬಾಗಲಕೋಟೆ ಬಸ್ಸಿಗೆ ಕೊಟ್ಟೆ. ನನ್ನ ಪಾಳಿ ಎರಡಕ್ಕೆ ಶುರುವಾಯಿತು. ಕಿಟಕಿಯ ಹಿಂದೆ ಕುಳಿತು ಬರೆಯುತ್ತ ಹೋದೆ. ಅವತ್ತಿನ ಪುಟದಲ್ಲಿ ಎರಡು ಕಡೆ ತಿದ್ದಿದ್ದೇನೆ. ಹನ್ನೆರಡು ವರ್ಷದಲ್ಲಿ ಅಂಥ ಪುಟ ಇನ್ನೊಂದಿಲ್ಲ.

ನಾಲ್ಕು ಇಪ್ಪತ್ತೈದಕ್ಕೆ ಕಮತಗಿ ಮೇಲಿಂದ ಬಾಗಲಕೋಟೆ ಬಸ್ಸು ಬಂತು. ಐದು ನಿಮಿಷ ತಡ. ಮುಂದಿನ ಬಾಗಿಲಿಂದ ಮೊದಲು ಇಳಿದದ್ದು ಒಂದು ರೊಟ್ಟಿ ಗಂಟು, ಆಮೇಲೆ ಆ ಹಳೆಯ ಕಂಟ್ರೋಲರರ ಹೆಂಡತಿ, ಈಗ ದಪ್ಪನೆಯ ಹೆಂಗಸು, ಆಮೇಲೆ ಇಬ್ಬರು ಪ್ಯಾಸೆಂಜರರು ಹಿಡಿದುಕೊಂಡ ಹೊಲಿಗೆ ಮಷಿನ್.

"ಕಂಟ್ರೋಲರ್ ಅಣ್ಣಾರ!" ಆಕೆ ಬಸ್ಸಿನ ಪಕ್ಕದಿಂದಲೇ ಕೂಗಿದಳು. "ಲಗೇಜ್ ಚಾರ್ಜ್ ತಗೊಂಡಾನ್ರಿ ನಿಮ್ಮ ಕಂಡಕ್ಟರ! ಮಷಿನ್ ನಿಮ್ಮ ಹೆಸರೀಲೆ ಐತಿ ಅಂತಲ್ಲ, ನೀವಽ ಕೊಡ್ರಿ!"

ಕಿಟಕಿಗೆ ಒಬ್ಬ ಪರಿಚಯದ ಕಂಡಕ್ಟರನನ್ನು ಕೂರಿಸಿ ನಾನು ಎದ್ದೆ. ಅದು ನಿಯಮವಲ್ಲ. ಆಕೆಯ ಹಿಂದೆ ಕಚೇರಿಗೆ ಹೋದೆ. ನನ್ನ ಹೆಂಡತಿ ಮನೆಗೆ ಹೋಗದೆ ಕಟ್ಟೆಯ ಮೇಲೆಯೇ ಕುಳಿತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಆರು ವರ್ಷದಿಂದ ನೋಡಿರಲಿಲ್ಲ. ಆಕೆ ನನ್ನ ಹೆಂಡತಿಯ ತೋಳು ಹಿಡಿದು ಮೊದಲು ಕುಬಸದ ಹೊಲಿಗೆಯನ್ನು ತಿರುವಿ ನೋಡಿದಳು.

"ಹೌದಲ್ಲ, ಇದು ನಂದಽ ಕೈ! ಎಪ್ಪತ್ತೇಳರಾಗ ನಿನಗ ಹೊಲದು ಕೊಟ್ಟ ಗುಳೇದಗುಡ್ಡದ ಖಣ. ಇನ್ನೂ ಹಾಕ್ಕೊಳಾಕ್ಹತ್ತಿ ಅಂದ್ರ ನೀ ದಪ್ಪ ಆಗಿಲ್ಲ ಬಿಡು, ನನ್ನ ನೋಡು."

ನನ್ನ ಹೆಂಡತಿ ತನ್ನ ತೋಳನ್ನೇ ನೋಡಿಕೊಂಡಳು. ಯಾವ ಮಷಿನ್ ತಂದಿಲ್ಲವೆಂದು ಎಂಟು ದಿನ ಜಗಳವಾಡಿದ್ದಳೋ, ಆ ಮಷಿನ್ನಿನ ಹೊಲಿಗೆ ಮೈಮೇಲೆಯೇ ಇತ್ತು. "ಅಕ್ಕಾ, ಇದನ್ನ ನಮ್ಮತ್ತಿ ಮುಂದ ಮಾತ್ರ ಹೇಳಬ್ಯಾಡ" ಎಂದಳು.

ಬಾಗಲಕೋಟೆಯಾಕೆ ಕಾರ್ಯದರ್ಶಿಯವರ ಮುಂದೆ ಮಷಿನ್ ಇಡಿಸಿ, ಹಳೆಯ ಕಂತಿನ ಕಾರ್ಡನ್ನು ಪಕ್ಕದಲ್ಲಿಟ್ಟಳು. ಕಾರ್ಡಿನ ನಂಬರೂ ಅರ್ಜಿಯ ನಂಬರೂ ಒಂದೇ ಆಗಿದ್ದವು. "ಬಾಗಲಕೋಟಿಗೆ ಹೋದ ಮ್ಯಾಲ ಒಂದು ನೋಟೀಸೂ ಬರಲಿಲ್ರಿ. ಮಾಫಿ ಆಗೇತಿ ಅಂತ ಓಣ್ಯಾಗ ಯಾರೋ ಅಂದ್ರು, ನಂಬೀನಿ. ತಪ್ಪು ನಂದು. ಬಾಕಿ ನಾನಽ ಕಟ್ತೇನಿ. ಈ ಅಣ್ಣಾರ ಹೆಸರ ತಗೀರಿ" ಎಂದಳು.

ಬಡ್ಡಿಯ ವಿಷಯ ಕಮಿಟಿಯ ಮುಂದೆ ಇಡುತ್ತೇನೆ ಎಂದರು ಕಾರ್ಯದರ್ಶಿಯವರು. ಹೊಸ ಕಾಗದ ತೆಗೆದು ಪೆನ್ನು ಬಿಚ್ಚಿದರು. ಬಾಯಲ್ಲಿ ಅದೇ ಪ್ರಶ್ನೆ ಬಂತು: "ನಿಮ್ಮ ಯಜಮಾನರ ಹೆಸರು?"

ಪಕ್ಕದಲ್ಲಿದ್ದ ನಾನು ಹೇಳಬಹುದಾಗಿತ್ತು. ಹೇಳಲು ಬಾಯಿ ತೆರೆದೆ.

"ನೀವು ಸುಮ್ಮ ಇರ್ರಿ" ಎಂದಳು ನನ್ನ ಹೆಂಡತಿ. "ಕೊಟ್ಟ ಹೆಸರು ಸಾಕು."

ಕಟ್ಟೆಯ ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು. "ಒಡಪ ಹೇಳ್ಬೇ, ಒಡಪ ಹೇಳು" ಎಂದು ಶುರುಮಾಡಿದರು. ಬಾಗಲಕೋಟೆಯಾಕೆ ಮಷಿನ್ನಿನ ಚಕ್ರದ ಮೇಲೆ ಕೈಯಿಟ್ಟು, ಸ್ವಲ್ಪ ಯೋಚಿಸಿ, ರಾಗವಾಗಿ ಹೇಳಿದಳು. ಹೆಸರು ಬಂದ ಕಡೆ ನಾನು ಚುಕ್ಕಿ ಇಟ್ಟಿದ್ದೇನೆ:

"ಕಂತು ಕಟ್ಟದ ಮಷಿನ್ನಿಗೆ ಎಣ್ಣಿ ಹಾಕೀನಿ ದಿನಾ,
ಬಾಗಲಕೋಟ್ಯಾಗ ಬಸ್ ಬಿಡೂ ... ಅವರ ಹೆಂಡತಿ ನಾ."

ಬಾಗಿಲಲ್ಲಿ ಚಪ್ಪಾಳೆ ಬಿತ್ತು. ಕಾರ್ಯದರ್ಶಿಯವರು ಹೆಸರು ಬರೆದುಕೊಂಡರು. ಆಮೇಲೆ ಅವರೇ, ಮುಖದಲ್ಲಿ ನಗು ಇಟ್ಟುಕೊಂಡು, ನನ್ನ ಹೆಂಡತಿಯ ಕಡೆ ತಿರುಗಿದರು. "ಅಮ್ಮಾ, ನಿಮ್ಮ ಸಾಲ ರದ್ದು ಮಾಡಬೇಕಾದ್ರೆ ನಿಮ್ಮ ಯಜಮಾನರು ಬೇರೆ ಅಂತಲೂ ದಾಖಲಾಗಬೇಕಲ್ಲ?" ಅಂಥ ನಿಯಮ ಇರಲಿಲ್ಲ. ಎರಡೇ ತಿಂಗಳಲ್ಲಿ ಅವರು ನಮ್ಮ ಊರಿನವರಾಗಿದ್ದರು.

ನನ್ನ ಹೆಂಡತಿ ಒಲ್ಲೆ ಎನ್ನುತ್ತಾಳೆಂದು ನಾನು ತಿಳಿದಿದ್ದೆ. ಆಕೆ ನನ್ನನ್ನು ನೋಡಲಿಲ್ಲ. ಗೋಡೆಯ ಗಡಿಯಾರವನ್ನು ನೋಡುತ್ತ ಹೇಳಿದಳು:

"ನಿಮಿಷ ತಪ್ಪದಂಗ ಬಸ್ಸಿನ ಟೈಮ ಬರಿತಾರ,
ಹೆಂಡತಿ ಮಾತ ನಂಬಾಕ ... ಅವರು ಎಂಟ ದಿನ ತಗೋತಾರ."

ಹನ್ನೊಂದು ವರ್ಷದ ಮೇಲೆ ಆಕೆಯ ದನಿಯಲ್ಲಿ ನನ್ನ ಹೆಸರು ಕೇಳಿದೆ. ಗಂಟೆ ನಾಲ್ಕು ಐವತ್ತೆರಡು. ಎಲ್ಲರೂ ನಗುತ್ತಿದ್ದರು. ಹೆಸರು ಕೇಳಿದ ರೂಢಿಗೆ ನಾನು "ಎರಡನೇ ಪಾಳಿ" ಎಂದೆ. ನಗು ಇನ್ನೂ ಜಾಸ್ತಿಯಾಯಿತು.

ಆಮೇಲೆ ನಡೆದದ್ದೆಲ್ಲ ಓಡಾಟವೇ. ಸುದ್ದಿ ನಮಗಿಂತ ಮೊದಲು ಮನೆ ಮುಟ್ಟಿತ್ತು. ಐದು ಇಪ್ಪತ್ತಕ್ಕೆ ನಮ್ಮವ್ವ ತಾನೇ ಕೈಚೀಲ ಹೊತ್ತು ನಿಲ್ದಾಣಕ್ಕೆ ಬಂದಳು. ಅದರಲ್ಲಿ ಸೊಸೆಯ ಎರಡು ಇಳಕಲ್ ಸೀರೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಡಬ್ಬಿ ತುಂಬ ಶೇಂಗಾ ಉಂಡಿ ಇದ್ದವು.

"ನಾ ಅಂದದ್ದು ಅಂದೀನಿ" ಎಂದಳು ಸೊಸೆಗೆ. "ಈಗ ತಿರುಗಿ ತಗೊಳಾಕ ಆಗೂದಿಲ್ಲ. ಉಂಡಿ ತಗೋ. ಎಲ್ಲಾ ಬೀಗರಿಗೇ ಕೊಟ್ಟು ಬರಬ್ಯಾಡ, ನೀನೂ ತಿನ್ನು."

"ಹೂಂ ಅತ್ತಿ" ಎಂದು ನನ್ನ ಹೆಂಡತಿ ಕಾಲು ಮುಟ್ಟಿದಳು. ಮುಟ್ಟುವಾಗ ಕುಬಸದ ತೋಳಿನ ಮೇಲೆ ಸೆರಗು ಎಳೆದುಕೊಂಡದ್ದನ್ನು ನಾನು ನೋಡಿದೆ.

ನಾನೂ ಏನಾದರೂ ಹೇಳಬೇಕಾಗಿತ್ತು. ಬಸ್ಸಿನ ಕಿಟಕಿಯ ಕೆಳಗೆ ನಿಂತು, "ನಂದು ತಪ್ಪಾತು" ಎಂದೆ. "ಬರಕೊಡ್ರಿ, ನಿಮಗ ಬರಿಯೂದು ಚಲೋ ಬರ್ತೈತಿ" ಎಂದಳು. ಐದೂವರೆಗೆ ಬಿಡಬೇಕಾದ ಬಾದಾಮಿ ಬಸ್ಸು ಐದು ಮೂವತ್ತನಾಲ್ಕಕ್ಕೆ ಬಿಟ್ಟಿತು. ಪುಸ್ತಕದಲ್ಲಿ ಹಾಗೆಯೇ ಬರೆದಿದ್ದೇನೆ, ಕಾರಣದ ಕಾಲಮ್ಮಿನಲ್ಲಿ ಮಾತ್ರ ಏನೂ ಬರೆಯಲಿಲ್ಲ. ಪಂಚಮಿಯ ದಿನ ರಜೆ ಹಾಕಿ ನಾನೂ ಬಾದಾಮಿಗೆ ಹೋದೆ. ಆ ಮನೆಯ ತಿರುವಿಗೆ ಬರುವ ಮೊದಲೇ ಬೇವಿನ ಮರದ ಕಡೆಯಿಂದ ಆಕೆಯ ಕೂಗು ಕೇಳಿತು.

ಅವತ್ತು ಕಚೇರಿಯಲ್ಲಿ ಇದನ್ನು ಕಂಡವರಲ್ಲಿ ಕಾರ್ಯದರ್ಶಿಯವರು ಈಗಿಲ್ಲ. ನಿಲ್ದಾಣಕ್ಕೆ ಚೀಲ ಹೊತ್ತು ಬಂದ ನಮ್ಮವ್ವನೂ ಇಲ್ಲ; ಕುಬಸದ ಸುದ್ದಿ ಆಕೆಗೆ ಕಡೆಯವರೆಗೂ ತಿಳಿಯಲಿಲ್ಲ. ಕಟ್ಟೆಯ ಹೆಂಗಸರು ಯಾರು ಯಾರೆಂದು ನಾನು ಗುರುತಿಟ್ಟುಕೊಂಡಿಲ್ಲ. ಸಿಪಾಯಿ ಇದ್ದಾನೆ, ಹುನಗುಂದದಲ್ಲೇ ಮಗನ ಮನೆಯಲ್ಲಿ. ಕಿವಿ ಮಂದ, ನೆನಪು ಸರಿಯಿದೆ. ಬಾದಾಮಿಯಲ್ಲಿ ನನ್ನ ಹೆಂಡತಿಯ ತಮ್ಮ ಇದ್ದಾನೆ, ಅವನ ಮಷಿನ್ನೂ ಇದೆ. ಬಾಗಲಕೋಟೆಯಲ್ಲಿ ಆ ಅಕ್ಕ ಇದ್ದಾರೆ, ಈಗಲೂ ಹೊಲಿಯುತ್ತಾರೆ. ನನ್ನ ಹೆಂಡತಿ ಇದ್ದಾಳೆ. ಕೇಳಿದರೆ ಇದನ್ನೆಲ್ಲ ನನಗಿಂತ ಚೆನ್ನಾಗಿ ಹೇಳುತ್ತಾಳೆ. ಒಡಪಿನ ಎರಡನೇ ಸಾಲಿಗೆ ಬಂದಾಗ ಮಾತ್ರ ಅರ್ಧಕ್ಕೆ ನಿಲ್ಲಿಸಿ ನನ್ನ ಕಡೆ ಕೈ ತೋರಿಸುತ್ತಾಳೆ.